ವಿಶ್ವ ಹವಾಮಾನ ಸಂಸ್ಥೆಯ ದಾಖಲೆ ಭಂಡಾರ: ಅಂಕಿಗಿಂತ ಅದರ ಕೆಳಗಿನ ಸಾಲುಗಳಿಗೇ ಬೆಲೆ

ಜಗತ್ತಿನ ಅತಿ ಹೆಚ್ಚು ತಾಪಮಾನ ಲಿಬಿಯಾದ ಎಲ್ ಅಜೀಜಿಯಾದ್ದು, 58 ಡಿಗ್ರಿ ಸೆಲ್ಸಿಯಸ್ ಎನ್ನುವ ಉತ್ತರ ಇವತ್ತಿಗೂ ಓಡಾಡುತ್ತಿದೆ. ಆ ದಾಖಲೆ 2012ರಲ್ಲೇ ರದ್ದಾಯಿತು. ಇಂಥ ಹಳಸಲು ಅಂಕಿಗಳನ್ನು ತಾಳೆ ನೋಡಲು ಇರುವ ಅಧಿಕೃತ ಜಾಗ ವಿಶ್ವ ಹವಾಮಾನ ಸಂಸ್ಥೆಯ ಆನ್‌ಲೈನ್ ಭಂಡಾರ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಇದನ್ನು ನೋಡಿಕೊಳ್ಳುತ್ತದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಕೂಡ ಬೇಡ.

ನೋಟಕ್ಕೆ ತೀರಾ ಸಾದಾ. ತಾಪಮಾನ, ಒತ್ತಡ, ಮಳೆ, ಆಲಿಕಲ್ಲು, ಗಾಳಿ, ಸಿಡಿಲು, ಚಂಡಮಾರುತ ಎಂದು ಪಟ್ಟಿ. ಮೊದಲು ಇಡೀ ಜಗತ್ತು, ಆಮೇಲೆ ಗೋಳಾರ್ಧ, ಆಮೇಲೆ ವಲಯ. ಒಂದು ದಾಖಲೆಯ ಮೇಲೆ ಒತ್ತಿದರೆ ಅದರ ಪುಟ ತೆರೆದುಕೊಳ್ಳುತ್ತದೆ. ಮೇಲೆ ಅಂಕಿ ಮತ್ತು ದಿನಾಂಕ, ಕೆಳಗೆ ಆ ಕೇಂದ್ರ ಎಷ್ಟು ವರ್ಷದಿಂದ ಅಳೆಯುತ್ತಿದೆ, ಯಾವ ಉಪಕರಣ, ಎಲ್ಲಿದೆ, ಸಂಸ್ಥೆಯ ತಜ್ಞರ ಸಮಿತಿ ಪರಿಶೀಲಿಸಿದೆಯೋ ಇಲ್ಲವೋ. ಹೆಚ್ಚಿನವರು ಮೇಲಿನ ಅಂಕಿ ಬರೆದುಕೊಂಡು ಹೊರಡುತ್ತಾರೆ. ಈ ಭಂಡಾರದ ಅಸಲಿ ಸರಕು ಇರುವುದು ಕೆಳಗಿನ ಸಾಲುಗಳಲ್ಲಿ. ಪರಿಶೀಲನೆಯ ಸಾಲಿನಲ್ಲಿ 'ಇಲ್ಲ' ಎಂದಿದ್ದರೆ ಆ ಅಂಕಿ ಸುಳ್ಳೆಂದಲ್ಲ, ಯಾರೂ ಇನ್ನೂ ಕೆದಕಿ ನೋಡಿಲ್ಲ ಎಂದಷ್ಟೇ.

ಕೆದಕಿದರೆ ಏನಾಗುತ್ತದೆ ಎನ್ನುವುದಕ್ಕೆ ಎಲ್ ಅಜೀಜಿಯಾವನ್ನೇ ನೋಡಿ. 1922ರ ಸೆಪ್ಟೆಂಬರ್ 13ರಂದು ಅಲ್ಲಿ ಬಳಸಿದ್ದು ಸಿಕ್ಸ್-ಬೆಲ್ಲಾನಿ ಮಾದರಿಯ ಥರ್ಮಾಮೀಟರ್. ಯು ಆಕಾರದ ಕೊಳವೆ. ಬಿಸಿಯೇರಿದಂತೆ ಪಾದರಸವು ಒಂದು ಪುಟ್ಟ ಸೂಚಕವನ್ನು ಮೇಲಕ್ಕೆ ತಳ್ಳುತ್ತದೆ, ತಣಿದಾಗ ಪಾದರಸ ಇಳಿದರೂ ಸೂಚಕ ಅಲ್ಲೇ ನಿಲ್ಲುತ್ತದೆ. ಗರಿಷ್ಠ ತಾಪಮಾನವನ್ನು ಓದಬೇಕಾದ್ದು ಪಾದರಸ ಮುಟ್ಟಿದ್ದ ಕೆಳತುದಿಯಲ್ಲಿ. ಮೇಲ್ತುದಿಯಲ್ಲಿ ಓದಿದರೆ ಸೂಚಕದ ಉದ್ದವೂ ಸೇರಿಕೊಂಡು ಸುಮಾರು 7 ಡಿಗ್ರಿ ಹೆಚ್ಚು ಬರುತ್ತದೆ. ಆ ದಿನಗಳ ಮೂಲ ದಾಖಲೆ ಹಾಳೆಯಲ್ಲಿ ಅಂಕಿಗಳು ತಪ್ಪು ಕಾಲಂನಲ್ಲಿ ಬಿದ್ದಿದ್ದವು. ಉಪಕರಣದ ಪಳಗಿಕೆ ಇಲ್ಲದವರು ಬರೆದದ್ದು ಎಂಬ ಗುಮಾನಿಗೆ ಅದೇ ಆಧಾರ. ಸುತ್ತಲಿನ ಕೇಂದ್ರಗಳ ಅಂಕಿಗಳಿಗೂ ಇದು ಹೊಂದಲಿಲ್ಲ. 90 ವರ್ಷದ ಪಟ್ಟ ಹೋಗಿ, 1913ರ ಜುಲೈ 10ರಂದು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ದಾಖಲಾದ 56.7 ಡಿಗ್ರಿಗೆ ಬಂತು.

ಮಳೆಯ ಪುಟದಲ್ಲಿ ಎಡವುವವರು ಇನ್ನೂ ಹೆಚ್ಚು. 24 ಗಂಟೆಯ ದಾಖಲೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಫಾಕ್-ಫಾಕ್‌ನದು: 1966ರ ಜನವರಿ 7-8ರಂದು ಡೆನಿಸ್ ಚಂಡಮಾರುತದಲ್ಲಿ 1,825 ಮಿಲಿಮೀಟರ್. 48 ಗಂಟೆಯದ್ದು ಚಿರಾಪುಂಜಿಯದು, 1995ರ ಜೂನ್ 15-16ರ 2,493 ಮಿ.ಮೀ. 72 ಗಂಟೆಗೆ ಮತ್ತೆ ರಿಯೂನಿಯನ್: 2007ರ ಫೆಬ್ರವರಿಯ ಗಮೀಡ್ ಚಂಡಮಾರುತದಲ್ಲಿ 3,930 ಮಿ.ಮೀ. 12 ತಿಂಗಳ ಲೆಕ್ಕಕ್ಕೆ ಬಂದರೆ ಚಿರಾಪುಂಜಿಯನ್ನು ಯಾರೂ ಅಲುಗಾಡಿಸಿಲ್ಲ: 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ 26,470 ಮಿ.ಮೀ. ಹಾಗಾಗಿ ಅವಧಿ ಹೇಳದೆ 'ಅತಿ ಹೆಚ್ಚು ಮಳೆ' ಎಂದರೆ ಅದಕ್ಕೆ ಅರ್ಥವೇ ಇಲ್ಲ. ಇನ್ನೊಂದು ಸೂಕ್ಷ್ಮ: 24 ಗಂಟೆ ಬೇರೆ, ಒಂದು ದಿನದ ಮಳೆ ಬೇರೆ. ಬೆಳಿಗ್ಗೆ ನಿಗದಿತ ಹೊತ್ತಿಗೆ ಮಳೆಮಾಪಕ ನೋಡುವ ಕೇಂದ್ರದಲ್ಲಿ ಒಂದೇ ಬಿರುಮಳೆ ಎರಡು ದಿನಗಳ ಲೆಕ್ಕಕ್ಕೆ ಹಂಚಿಹೋಗಬಹುದು. ದಿನದ ಗರಿಷ್ಠದಿಂದ 24 ಗಂಟೆಯ ಗರಿಷ್ಠವನ್ನು ಅಂದಾಜಿಸಲು ಜಲವಿಜ್ಞಾನಿಗಳು ಸಾಮಾನ್ಯವಾಗಿ 1.13ರಿಂದ ಗುಣಿಸುವುದು ಇದಕ್ಕೇ. ಅದು ಸರಾಸರಿ ಅಂಕಿ. ಒಂದೇ ಒಂದು ಮಳೆಗೆ ಹಚ್ಚಿ ದಾಖಲೆ ಮುರಿಯಿತು ಎನ್ನಲು ಬರುವುದಿಲ್ಲ.

ಗಾಳಿಯ ವಿಭಾಗದಲ್ಲೂ ಇದೇ ಎಚ್ಚರ ಬೇಕು. 1996ರ ಏಪ್ರಿಲ್ 10ರಂದು ಒಲಿವಿಯಾ ಚಂಡಮಾರುತದ ಹೊತ್ತಿಗೆ ಆಸ್ಟ್ರೇಲಿಯಾದ ಬ್ಯಾರೋ ದ್ವೀಪದಲ್ಲಿ ಗಂಟೆಗೆ 408 ಕಿಲೋಮೀಟರ್ ಬೀಸಿದ್ದು ಸುಂಟರಗಾಳಿ ಬಿಟ್ಟು ಉಳಿದದ್ದರ ದಾಖಲೆ. ಸುಂಟರಗಾಳಿಯ ವೇಗವನ್ನು ಡಾಪ್ಲರ್ ರಾಡಾರ್ ದೂರದಿಂದ ಅಂದಾಜಿಸುತ್ತದೆ, ಹಾಗಾಗಿ ಅದಕ್ಕೆ ಬೇರೆ ಪುಟ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ. ಅಂಟಾರ್ಕ್ಟಿಕಾಕ್ಕೂ ಒಂದಲ್ಲ, ಮೂರು ಗರಿಷ್ಠ ತಾಪಮಾನಗಳಿವೆ: 60 ಡಿಗ್ರಿ ದಕ್ಷಿಣ ಅಕ್ಷಾಂಶದಿಂದಾಚೆಯ ಇಡೀ ಪ್ರದೇಶಕ್ಕೆ ಸಿಗ್ನಿ ದ್ವೀಪದ 19.8, ಖಂಡಕ್ಕೆ ಎಸ್ಪೆರಾಂಜಾದ 18.3, ಎತ್ತರದ ಪ್ರಸ್ಥಭೂಮಿಗೆ ಮೈನಸ್ 7. 2020ರ ಫೆಬ್ರವರಿಯಲ್ಲಿ ಸುದ್ದಿಯಾದ ಸೀಮೋರ್ ದ್ವೀಪದ 20.75 ಡಿಗ್ರಿಯನ್ನು ಸಮಿತಿ ಒಪ್ಪಲಿಲ್ಲ. ಸೆನ್ಸರ್‌ಗೆ ಬಿಸಿಲು ತಾಗದಂತೆ ಹಾಕಿದ್ದ ಮರೆ ಕೈಗೆ ಸಿಕ್ಕಿದ್ದರಲ್ಲಿ ಮಾಡಿದ್ದು, ಅದೇ ಬಿಸಿಯಾಗಿ ಅಂಕಿ ಏರಿಸಿತ್ತು.

ಸಾವುನೋವಿನ ವಿಭಾಗಕ್ಕೆ ಇಷ್ಟು ವಿಶ್ವಾಸ ಕೊಡಲಾಗದು. 1970ರ ಭೋಲಾ ಚಂಡಮಾರುತಕ್ಕೆ 3 ಲಕ್ಷ, 1989ರ ಬಾಂಗ್ಲಾದೇಶದ ಸುಂಟರಗಾಳಿಗೆ 1,300 ಎಂಬುವು ಅಂದಾಜುಗಳು. ಥರ್ಮಾಮೀಟರಿನ ಅಂಕಿಯ ಪಕ್ಕದಲ್ಲಿ ಬರೆಯುವಾಗ 'ಸುಮಾರು' ಬಿಡಬೇಡಿ.

ಕೊರತೆ ಇಲ್ಲದಿಲ್ಲ. ಮೊದಲನೆಯದು ನಿಧಾನ. ಗ್ರೀನ್‌ಲ್ಯಾಂಡಿನ ಕ್ಲಿಂಕ್ ಕೇಂದ್ರದ ಮೈನಸ್ 69.6 ಡಿಗ್ರಿ 1991ರದ್ದು, ಉತ್ತರ ಗೋಳಾರ್ಧದ ದಾಖಲೆಯೆಂದು ಮಾನ್ಯವಾದದ್ದು 2020ರಲ್ಲಿ. 829 ಕಿ.ಮೀ. ಉದ್ದದ ಮಿಂಚು ಹೊಳೆದದ್ದು 2017ರಲ್ಲಿ, ಘೋಷಣೆ 2025ರಲ್ಲಿ. ಈ ವಾರದ ಸುದ್ದಿ ನಿಜವೋ ಎಂದು ನೋಡಲು ಇಲ್ಲಿಗೆ ಬಂದು ಉಪಯೋಗವಿಲ್ಲ. ಉಪಕರಣವನ್ನು ಪ್ರಯೋಗಾಲಯಕ್ಕೆ ಒಯ್ದು ತಾಳೆ ನೋಡುವ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ, ನಿಜ. ಆದರೆ ಪರಿಶೀಲನೆಯಲ್ಲಿರುವ ದಾಖಲೆಗಳಿಗೊಂದು ಪಟ್ಟಿಯಾದರೂ ಎದುರಿಗೆ ಕಾಣುವಂತಿರಬೇಕಿತ್ತು.

ಇದಕ್ಕಿಂತ ಕಾಡುವುದು ಎರಡನೇ ಸ್ಥಾನ ಇಲ್ಲದಿರುವುದು. ಪ್ರತಿ ಪುಟದಲ್ಲೂ ಗೆದ್ದವರು ಮಾತ್ರ. ಡೆತ್ ವ್ಯಾಲಿಯ 1913ರ ಅಂಕಿಯ ಮೇಲೂ ಸಂಶೋಧಕರು ಆಕ್ಷೇಪ ಎತ್ತಿದ್ದಾರೆ. ಅದು ಬಿದ್ದರೆ ಮುಂದಿನದು ಯಾವುದೆಂದು ಜಾಗತಿಕ ಪಟ್ಟಿ ಹೇಳುವುದಿಲ್ಲ. ನೀವೇ ಒಂದೊಂದು ವಲಯದ ಪುಟಕ್ಕೆ ಹೋಗಿ ಹುಡುಕಬೇಕು, ಉದಾಹರಣೆಗೆ ಏಷ್ಯಾದ ಪುಟದಲ್ಲಿ ಕುವೈತಿನ ಮಿತ್ರಿಬಾದ 53.9 (2016ರ ಜುಲೈ 21). ಡೆತ್ ವ್ಯಾಲಿಯಲ್ಲೇ 2020 ಮತ್ತು 2021ರಲ್ಲಿ ಕಂಡ 54.4 ಡಿಗ್ರಿ ಬೇಕಿದ್ದರೆ ಅಮೆರಿಕದ ಹವಾಮಾನ ಸೇವೆಯ ದಾಖಲೆಗಳನ್ನೇ ತೆರೆಯಬೇಕು.