ವಾಟ್ಸ್‌ಆ್ಯಪ್ ಬಿಸಿನೆಸ್: ಸಣ್ಣ ಅಂಗಡಿಗೆ ಒಳ್ಳೆ ಗುಮಾಸ್ತ, ಡಂಗುರಕ್ಕೆ ಮಾತ್ರ ದನಿ ಸಾಲದು

ವರಮಹಾಲಕ್ಷ್ಮಿ ಹಬ್ಬಕ್ಕೆ ಹದಿನೈದು ದಿನ ಇರುವಾಗ ಸೀರೆ ಅಂಗಡಿಯ ಫೋನಿಗೆ ಬರುವ ಮೆಸೇಜುಗಳಲ್ಲಿ ಇರುವುದು ಹೆಚ್ಚೂಕಡಿಮೆ ನಾಲ್ಕೇ ಪ್ರಶ್ನೆ. ರೇಟೆಷ್ಟು, ಬೇರೆ ಕಲರ್ ಇದೆಯಾ, ಕೊರಿಯರ್ ಚಾರ್ಜ್ ಎಷ್ಟು, ಯಾವಾಗ ತಲುಪುತ್ತೆ. ಈ ನಾಲ್ಕಕ್ಕೆ ಬೆರಳು ನೋಯಿಸಿಕೊಳ್ಳದೆ ಉತ್ತರ ಕೊಡಲು ಅಂಗಡಿಯವರಿಗೆಂದೇ ಮಾಡಿದ ಪ್ರತ್ಯೇಕ ಆ್ಯಪ್ ಆದ ವಾಟ್ಸ್‌ಆ್ಯಪ್ ಬಿಸಿನೆಸ್ ಬಲು ಚೆನ್ನಾಗಿದೆ, ಅದೂ ಪುಕ್ಕಟೆ. ತೊಂದರೆ ಏನೆಂದರೆ, 2018ರಲ್ಲಿ ಬಂದ ಈ ಆ್ಯಪನ್ನು ಹೆಚ್ಚಿನವರು ಹಾಕಿಕೊಳ್ಳುವುದು ಉತ್ತರ ಕೊಡಲಿಕ್ಕಲ್ಲ, ಊರಿಗೆಲ್ಲ ಸಾರಲಿಕ್ಕೆ. ಅಲ್ಲಿ ಅದು ಎಡವುತ್ತದೆ.

ಮೊದಲು ನಂಬರಿನ ವಿಷಯ. ಒಂದೇ ನಂಬರನ್ನು ಮಾಮೂಲಿ ವಾಟ್ಸ್‌ಆ್ಯಪ್‌ನಲ್ಲೂ ಬಿಸಿನೆಸ್‌ನಲ್ಲೂ ಒಟ್ಟಿಗೆ ನಡೆಸಲು ಬರುವುದಿಲ್ಲ. ಮನೆಯವರ, ನೆಂಟರ ಗುಂಪುಗಳೆಲ್ಲ ಇರುವ ಸ್ವಂತ ನಂಬರನ್ನೇ ಅಂಗಡಿಗೆ ಕೊಟ್ಟರೆ ಆಮೇಲೆ ಎರಡನ್ನೂ ಬಿಡಿಸುವುದು ಕಷ್ಟ. ಹೊಸ ಸಿಮ್ ಬೇಡವೆನ್ನುವವರು ಅಂಗಡಿಯ ಲ್ಯಾಂಡ್‌ಲೈನನ್ನೇ ನೋಂದಾಯಿಸಬಹುದು. ಒಟಿಪಿ ಎಸ್ಸೆಮ್ಮೆಸ್ಸಿನಲ್ಲಿ ಬಾರದಿದ್ದಾಗ ಕರೆ ಮಾಡಿಸಿಕೊಳ್ಳುವ ಆಯ್ಕೆ ಒತ್ತಿದರೆ ಫೋನ್ ರಿಂಗಾಗಿ 6 ಅಂಕಿಗಳನ್ನು ಓದಿ ಹೇಳುತ್ತದೆ. ಕರೆಯನ್ನು ಮನುಷ್ಯರೇ ಎತ್ತಬೇಕು, ‘ಕನ್ನಡಕ್ಕಾಗಿ 1 ಒತ್ತಿ’ ಎನ್ನುವ ಯಂತ್ರ ಎತ್ತಿದರೆ ಕೆಲಸ ಕೆಟ್ಟಿತು. ನೋಂದಣಿ ಮುಗಿದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆಯ 6 ಅಂಕಿಯ ಪಿನ್ ಹಾಕಿ, ಮಾಲೀಕರ ಇಮೇಲ್ ಸೇರಿಸಿ. ಕೆಲಸದ ಹುಡುಗನ ಹೆಸರಿನ ಸಿಮ್ಮಿನಲ್ಲಿ ಅಂಗಡಿಯ ಖಾತೆ ತೆರೆದರೆ ಅವನು ಕೆಲಸ ಬಿಟ್ಟ ದಿನ ಗಿರಾಕಿಗಳೂ ಅವನ ಜೊತೆಗೇ ಹೋಗುತ್ತಾರೆ.

ಈ ಆ್ಯಪಿನ ನಿಜವಾದ ಬಲ ಕ್ವಿಕ್ ರಿಪ್ಲೈನಲ್ಲಿದೆ. 50 ಸಿದ್ಧ ಉತ್ತರಗಳನ್ನು ಬರೆದಿಡಬಹುದು. ಓರೆಗೆರೆ (/) ಒತ್ತಿ ಗುರುತಿನ ಅಕ್ಷರ ಹೊಡೆದರೆ ಪೂರ್ತಿ ಉತ್ತರ ಬಂದು ಕೂರುತ್ತದೆ, ಫೋಟೋ ಸಮೇತ. 50 ಬೇಕಾಗುವುದಿಲ್ಲ, ಹತ್ತು ಸಾಕು: ವಿಳಾಸ ಮತ್ತು ಮ್ಯಾಪ್ ಕೊಂಡಿ, ಕೊರಿಯರ್ ದರ, ಯುಪಿಐ ಕ್ಯೂಆರ್ ಚಿತ್ರ, ವಾಪಸಾತಿ ನಿಯಮ, ಒಗೆಯುವ ವಿಧಾನ, ಹೀಗೆ. ಗುರುತಿನ ಅಕ್ಷರಗಳು ಚಿಕ್ಕದಾಗಿದ್ದು, ನೀವು ಹೆಚ್ಚು ಬಳಸುವ ಕೀಲಿಮಣೆಯಲ್ಲೇ ಇರಲಿ. ಕೀಲಿಮಣೆ ಬದಲಿಸುತ್ತ ಕೂತರೆ ಉಳಿಸಿದ ಸಮಯ ಅಲ್ಲೇ ಕಳೆಯುತ್ತದೆ. ಕೊರಿಯರ್ ದರದ ಉತ್ತರದಲ್ಲಿ ‘ತೂಕದ ಮೇಲೆ’ ಎಂದಷ್ಟೇ ಬರೆದರೆ ಮತ್ತೆ ಮೂರು ಪ್ರಶ್ನೆ ಬರುತ್ತವೆ. ಕರ್ನಾಟಕದೊಳಗೆ ಒಂದು ಸೀರೆಗೆ ಇಷ್ಟು, ಹೊರರಾಜ್ಯಕ್ಕೆ ಇಷ್ಟು, ಮೂರು ತಗೊಂಡರೆ ಇಷ್ಟು ಎಂದು ರೂಪಾಯಿಯಲ್ಲೇ ಹೇಳಿಬಿಡಿ.

ಲೇಬಲ್‌ಗಳು (ಚಾಟಿಗೆ ಅಂಟಿಸುವ ಗುರುತುಗಳು) 20ರ ತನಕ ಸಿಗುತ್ತವೆ. ಆ್ಯಪ್ ತಾನೇ ಕೊಡುವ ಐದು ಇಂಗ್ಲಿಷ್ ಹೆಸರುಗಳನ್ನು ಅಳಿಸಿ ‘ದರ ಕೇಳಿದವರು’, ‘ದುಡ್ಡು ಬಂತು’, ‘ಪಾರ್ಸೆಲ್ ಹೋಯ್ತು’, ‘ಸ್ಟಾಕ್ ಬಂದಾಗ ಹೇಳಿ’ ಎಂದು ಮಾಡಿಕೊಂಡರೆ ಅಂಗಡಿಯಲ್ಲಿ ಯಾರು ಕೂತರೂ ಅರ್ಥವಾಗುತ್ತದೆ. ಕೊನೆಯದೇ ಬಂಗಾರದ ಲೇಬಲ್. ಹಸಿರು ದಡಿಯ ಇಳಕಲ್ ಸೀರೆ ಕೇಳಿ ಸಿಗದೆ ಹೋದವರು ಅದರಡಿ ಇದ್ದರೆ, ಸೀರೆ ಬಂದ ದಿನ ಅವರಿಗಷ್ಟೇ ಫೋಟೋ ಹೋಗುತ್ತದೆ. ಆ ಮೆಸೇಜಿಗೆ ಯಾರೂ ಸಿಟ್ಟಾಗುವುದಿಲ್ಲ, ಕೇಳಿದ್ದು ಅವರೇ ತಾನೆ.

ಸ್ವಾಗತದ ಮೆಸೇಜು ಹೊಸಬರಿಗೆ ಮತ್ತು 14 ದಿನ ಮಾತಿಲ್ಲದೆ ಮರಳಿದವರಿಗೆ ತಾನಾಗಿ ಹೋಗುತ್ತದೆ. ಅಂಗಡಿ ಮುಚ್ಚಿರುವಾಗಿನ ಉತ್ತರವೂ ಇದೆ, ಆದರೆ ಅಂಗಡಿಯ ಫೋನಿಗೆ ಇಂಟರ್ನೆಟ್ ಇದ್ದರೆ ಮಾತ್ರ ಅದು ಹೋಗುವುದು. ರಾತ್ರಿ ಬಾಗಿಲು ಹಾಕುವಾಗ ವೈಫೈ ಆರಿಸಿ, ಫೋನನ್ನು ಗಲ್ಲಾಪೆಟ್ಟಿಗೆಯೊಳಗೆ ಇಟ್ಟು ಹೋಗುವ ಅಂಗಡಿಗಳಲ್ಲಿ ಇದು ಕೆಲಸ ಮಾಡಿದ್ದೇ ಇಲ್ಲ, ದೂರು ಮಾತ್ರ ಆ್ಯಪಿನ ಮೇಲೆ. ಫೋನಿನ ಜೊತೆ ಇನ್ನೂ 4 ಸಾಧನ ಜೋಡಿಸಬಹುದು. ಕಂಪ್ಯೂಟರಿನಲ್ಲಿ ಕೂತು ಟೈಪ್ ಮಾಡುವ ಸುಖವೇ ಬೇರೆ. 14 ದಿನ ಫೋನಿನಲ್ಲಿ ಆ್ಯಪ್ ತೆರೆಯದಿದ್ದರೆ ಜೋಡಿಸಿದ ಸಾಧನಗಳೆಲ್ಲ ಲಾಗೌಟ್ ಆಗುತ್ತವೆ.

ಕ್ಯಾಟಲಾಗ್ ಬಗ್ಗೆ ಮೆಚ್ಚುಗೆ ಅರ್ಧ, ಬೇಸರ ಅರ್ಧ. 500 ವಸ್ತು, ಒಂದೊಂದಕ್ಕೆ 10 ಫೋಟೋ ಹಾಕಬಹುದು. ಗಿರಾಕಿ ಕಾರ್ಟಿಗೆ ಹಾಕಿ ಕಳಿಸಿದರೆ ಅದು ಆರ್ಡರಿನ ಮೆಸೇಜಾಗಿ ಬರುತ್ತದೆ. ಅಷ್ಟೇ. ದಾಸ್ತಾನಿನ ಲೆಕ್ಕ ಇದಕ್ಕೆ ಗೊತ್ತಿಲ್ಲ. ಒಂದೇ ಇರುವ ಸೀರೆಯನ್ನು ಮೂವರು ಕಾರ್ಟಿಗೆ ಹಾಕಿದರೆ ಮೂವರಿಗೂ ಸಿಕ್ಕಿತೆಂದೇ ತೋರುತ್ತದೆ. ಹಾಗಾಗಿ ಕೈಮಗ್ಗದಂಥ ಒಂದೊಂದೇ ಪೀಸಿನ ವ್ಯಾಪಾರದಲ್ಲಿ ಕ್ಯಾಟಲಾಗಿಗೆ ಮಾದರಿ ಮಾತ್ರ ಹಾಕಿ, ಇರುವ ಬಣ್ಣ ಚಾಟಿನಲ್ಲಿ ತೋರಿಸುವುದು ಕ್ಷೇಮ. ಹಪ್ಪಳ, ಸಂಡಿಗೆ, ಚಟ್ನಿಪುಡಿಯಂಥ ಮತ್ತೆ ಮತ್ತೆ ಮಾಡುವ ಸರಕಿಗೆ ಪೂರ್ತಿ ಕ್ಯಾಟಲಾಗ್ ಸರಿಹೋಗುತ್ತದೆ. ವಸ್ತುವಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಬರೆಯಿರಿ, ಗಿರಾಕಿಗಳಲ್ಲಿ ಎರಡೂ ಬಗೆಯವರಿರುತ್ತಾರೆ. ಔಷಧಿ, ಮದ್ಯ, ತಂಬಾಕು, ಜೀವಂತ ಪ್ರಾಣಿ ಇವು ಕ್ಯಾಟಲಾಗಿಗೆ ನಿಷಿದ್ಧ. ಮೆಡಿಕಲ್ ಶಾಪಿನವರು ಪದೇ ಪದೇ ಮಾತ್ರೆಗಳ ಫೋಟೋ ಏರಿಸಿ ತಿರಸ್ಕಾರ ತಿನ್ನುವುದು ಇದೇ ಕಾರಣಕ್ಕೆ. ಇನ್ನು ಬೆಲೆ ಬರೆಯದೆ ‘ರೇಟಿಗೆ ಮೆಸೇಜ್ ಮಾಡಿ’ ಎನ್ನುವ ಚಾಳಿ ಬಿಡಿ. ಗಿರಾಕಿ ಮೆಸೇಜ್ ಮಾಡುವುದಿಲ್ಲ, ಮುಂದಿನ ಅಂಗಡಿ ನೋಡುತ್ತಾರೆ.

ಈಗ ಸಾರುವ ಕೆಲಸ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಪಟ್ಟಿ) 256 ಜನ, ಪಟ್ಟಿಗಳು ಎಷ್ಟಾದರೂ ಇರಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜು ಮುಟ್ಟುತ್ತದೆ. ಬಿಲ್ ಪುಸ್ತಕದಿಂದ ಎತ್ತಿದ 256 ನಂಬರಿಗೆ ಹಬ್ಬದ ಆಫರ್ ಕಳಿಸಿ ‘ಯಾರೂ ಕೇಳಲೇ ಇಲ್ಲ’ ಎಂದು ಕೂರುವುದಕ್ಕೆ ಮುಂಚೆ, ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿ. ಯಾರಿಗೆ ತಲುಪಿತು, ಯಾರು ಓದಿದರು ಎಂಬ ಪಟ್ಟಿ ಅಲ್ಲಿದೆ. ಎರಡು ಮೂರು ದಿನ ಕಳೆದರೂ ತಲುಪಿದವರ ಪಟ್ಟಿಯಲ್ಲಿಲ್ಲದವರು ಬಹುಮಟ್ಟಿಗೆ ನಿಮ್ಮನ್ನು ಸೇವ್ ಮಾಡಿಕೊಳ್ಳದವರೇ.

ಇದಕ್ಕೆ ಮದ್ದು ಕೌಂಟರಿನಲ್ಲೇ ಇದೆ. ಆ್ಯಪ್ ಕೊಡುವ ಕ್ಯೂಆರ್ ಕೋಡನ್ನು ಮುದ್ರಿಸಿ ಬಿಲ್ ಮಾಡುವ ಜಾಗದಲ್ಲಿ ಅಂಟಿಸಿ. ಗಿರಾಕಿ ಸ್ಕ್ಯಾನ್ ಮಾಡಿ ಒಂದು ಮಾತು ಕಳಿಸಿದರೆ ಸ್ವಾಗತದ ಮೆಸೇಜು ಹೋಗುತ್ತದೆ. ಅದರಲ್ಲಿ ‘ಈ ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಸ್ಟಾಕ್ ಬಂದಾಗ ತಿಳಿಸುತ್ತೇವೆ. ಬೇಡವಾದರೆ ಬೇಡ ಎಂದು ಬರೆಯಿರಿ’ ಎಂದಿರಲಿ. ಬೇಡ ಎಂದವರನ್ನು ಅಂದೇ ಪಟ್ಟಿಯಿಂದ ತೆಗೆಯಿರಿ. ಇನ್‌ಸ್ಟಾಗ್ರಾಮ್ ಬಯೋಗೆ ವಾಟ್ಸ್‌ಆ್ಯಪ್‌ನ ಚಿಕ್ಕ ಕೊಂಡಿ ಹಾಕುವಾಗ ನಂಬರಿನ ಮುಂದೆ ದೇಶದ ಸಂಖ್ಯೆ 91 ಇರಬೇಕು, ಕೂಡುವ ಚಿಹ್ನೆಯಾಗಲಿ ಸೊನ್ನೆಯಾಗಲಿ ಇರಬಾರದು. ಕೊಂಡಿ ತೆರೆಯದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಅಡ್ಡದಾರಿ ಹಿಡಿಯಬೇಡಿ. ಸಾವಿರಾರು ನಂಬರಿಗೆ ಒಂದೇಟಿಗೆ ಕಳಿಸುತ್ತೇವೆ ಎನ್ನುವ ಅನಧಿಕೃತ ಸಾಫ್ಟ್‌ವೇರುಗಳು ವಾಟ್ಸ್‌ಆ್ಯಪ್ ನಿಯಮಕ್ಕೆ ವಿರುದ್ಧ. ಅಪರಿಚಿತ ನಂಬರಿನಿಂದ ಬಂದ ಮೆಸೇಜಿನ ಜೊತೆಗೇ ಬ್ಲಾಕ್, ರಿಪೋರ್ಟ್ ಗುಂಡಿಗಳೂ ಕಾಣುತ್ತವೆ. ರಿಪೋರ್ಟುಗಳು ಸೇರಿದರೆ ನಂಬರೇ ನಿಷೇಧವಾಗುತ್ತದೆ, ಅದರ ಜೊತೆ ವರ್ಷಗಳ ಚಾಟೂ ಲೇಬಲ್ಲೂ ಹೋದಂತೆ. ನಿಜವಾಗಿಯೂ ಸಾವಿರಾರು ಜನರಿಗೆ ಕಳಿಸಬೇಕಾದವರಿಗೆ ಇರುವ ದಾರಿ ಎಪಿಐ, ಅಂದರೆ ಬೇರೆ ಸಾಫ್ಟ್‌ವೇರಿನ ಮೂಲಕ ಮೆಸೇಜು ಕಳಿಸಲು ವಾಟ್ಸ್‌ಆ್ಯಪ್ ತಾನೇ ಕೊಡುವ ಅಧಿಕೃತ ವ್ಯವಸ್ಥೆ. ಅಲ್ಲಿ ಮೆಸೇಜಿನ ಮಾದರಿಗೆ ಮೊದಲೇ ಒಪ್ಪಿಗೆ ಪಡೆಯಬೇಕು. 2025ರ ಜುಲೈ 1ರಿಂದ ಒಂದೊಂದು ಮೆಸೇಜಿನ ಲೆಕ್ಕದಲ್ಲಿ ದುಡ್ಡು. ಜಾಹೀರಾತಿನ ಮೆಸೇಜಿಗೆ ಆರ್ಡರ್ ಮಾಹಿತಿಯ ಮೆಸೇಜಿಗಿಂತ ದರ ಜಾಸ್ತಿ. ಗಿರಾಕಿ ತಾನಾಗಿ ಬರೆದ ಮೇಲೆ 24 ಗಂಟೆಯೊಳಗೆ ಕೊಡುವ ಮಾಮೂಲಿ ಉತ್ತರಕ್ಕೆ ಶುಲ್ಕವಿಲ್ಲ. ಒಂದೇ ಅಂಗಡಿ, ಇಬ್ಬರು ಕೆಲಸದವರು ಇರುವಲ್ಲಿ ಇದರ ಸಹವಾಸ ಬೇಡ.

ಯಾವಾಗ ಕಳಿಸಬೇಕು ಎನ್ನುವುದರಲ್ಲೂ ತಪ್ಪು ಸಾಮಾನ್ಯ. ಹಬ್ಬದ ದಿನ ಬೆಳಗ್ಗೆ ದೇವರ ಚಿತ್ರದ ಕೆಳಗೆ ಅಂಗಡಿಯ ಹೆಸರು ಹಾಕಿ ಕಳಿಸಿದರೆ ಆ ಹೊತ್ತಿಗೆ ಅಂಥವು ನಲವತ್ತು ಬಂದಿರುತ್ತವೆ, ಖರೀದಿಯೂ ಮುಗಿದಿರುತ್ತದೆ. ಕೊರಿಯರ್ ತಲುಪಲು ನಾಲ್ಕು ದಿನ ಹಿಡಿಯುವುದಾದರೆ ಹಬ್ಬಕ್ಕೆ ಹತ್ತು ದಿನ ಮುಂಚೆ ಒಂದು ಫೋಟೋ, ಒಂದು ಬೆಲೆ, ಆರ್ಡರಿನ ಕೊನೆಯ ದಿನ, ಇಷ್ಟೇ ಕಳಿಸಿ.

ಊರು ಬಿಟ್ಟು ದೂರ ಇರುವ, ವಿದೇಶದಲ್ಲಿರುವ ಗಿರಾಕಿಗಳಿಗೆ ಇಮೇಲ್ ಇನ್ನೂ ವಾಸಿ, ಯಾರೂ ನಂಬರ್ ಸೇವ್ ಮಾಡಬೇಕಿಲ್ಲ. ಪುಕ್ಕಟೆ ಜಿಮೇಲಿನಿಂದ ದಿನಕ್ಕೆ 500 ಜನರ ತನಕ ಕಳಿಸಬಹುದು. ವಿಳಾಸಗಳನ್ನು ಬಿಸಿಸಿಯಲ್ಲೇ ಹಾಕಬೇಕು, ಸಿಸಿಯಲ್ಲಿ ಹಾಕಿದರೆ ಎಲ್ಲರ ವಿಳಾಸ ಎಲ್ಲರಿಗೂ ಕಾಣುತ್ತದೆ. ಮೇಲ್‌ಚಿಂಪ್‌ನಂಥ ಸಗಟು ಮೇಲ್ ಕಳಿಸುವ ಸೇವೆ ಹಿಡಿದರೆ ಕಳಿಸುವವರ ವಿಳಾಸ ಜಿಮೇಲಿನದ್ದಾಗಿರಬಾರದು, ಸ್ಪ್ಯಾಮಿಗೆ ಬೀಳುವ ಸಂಭವ ಹೆಚ್ಚು. ಸ್ವಂತ ಡೊಮೇನ್ ಕೊಂಡು ಎಸ್‌ಪಿಎಫ್, ಡಿಕಿಮ್ ದಾಖಲೆ (ಮೇಲ್ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ಗುರುತು) ಹಾಕಿಸಿ. ಮೇಲ್ ಬೇಡ ಎಂದು ಬಿಟ್ಟುಹೋದವರನ್ನೂ ಮೇಲ್‌ಚಿಂಪ್ ಬಿಲ್ಲಿನ ಲೆಕ್ಕಕ್ಕೆ ಸೇರಿಸುತ್ತದೆ, ಅವರನ್ನು ಆಗಾಗ ಆರ್ಕೈವ್ ಮಾಡಿ ಪಟ್ಟಿಯಿಂದ ಬದಿಗಿಡುತ್ತಿರಬೇಕು. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು: ಒಂದೊಂದು ಕನ್ನಡ ಅಕ್ಷರಸಂಕೇತ 3 ಬೈಟ್ ಜಾಗ ತಿನ್ನುತ್ತದೆ, ಇಂಗ್ಲಿಷಿನದ್ದು 1. ಜಿಮೇಲ್ 102 ಕೆಬಿ ದಾಟಿದ ಮೇಲಿನ ಕೊನೆಯನ್ನು ಕತ್ತರಿಸಿ ತೋರಿಸುವುದರಿಂದ ಉದ್ದದ ಕನ್ನಡ ಪತ್ರದ ತುದಿ, ಅಂದರೆ ಆರ್ಡರ್ ಗುಂಡಿಯೇ, ಮರೆಯಾಗಬಹುದು. ಗುಂಡಿಯನ್ನು ಮೇಲೆ ಇಡಿ.

ಉತ್ತರ ಕೊಡುವ ಕೆಲಸಕ್ಕೆ ಆ್ಯಪಿಗೆ ಐದಕ್ಕೆ ನಾಲ್ಕೂವರೆ, ಸಾರುವ ಕೆಲಸಕ್ಕೆ ಎರಡು. ಬಳಸುತ್ತ ಹೋದಂತೆ ಫೋಟೋಗಳಿಂದ ಬ್ಯಾಕಪ್ ಊದಿಕೊಳ್ಳುತ್ತದೆ. ಆಂಡ್ರಾಯ್ಡಿನಲ್ಲಿ ಈಗ ಅದು ಗೂಗಲ್ ಖಾತೆಯ 15 ಜಿಬಿಯೊಳಗೇ ಎಣಿಕೆಯಾಗುವುದರಿಂದ ವಿಡಿಯೋ ಬಿಟ್ಟು ಬ್ಯಾಕಪ್ ಮಾಡಿ. ಬೋರ್ಡು, ಬಿಲ್ಲು, ಕವರಿನ ಮೇಲೆಲ್ಲ ಮುದ್ರಿಸಿದ ಆ ಸಿಮ್ಮಿನ ರೀಚಾರ್ಜ್ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಬಳಕೆಯಿಲ್ಲದೆ ಬಿದ್ದ ನಂಬರನ್ನು ಟೆಲಿಕಾಂ ಕಂಪನಿ ಬೇರೆಯವರಿಗೆ ಕೊಡುತ್ತದೆ, ಆಮೇಲೆ ನಿಮ್ಮ ಗಿರಾಕಿ ಸೀರೆಯ ರೇಟು ಕೇಳುವುದು ಅವರ ಹತ್ತಿರ.