ಆಲೆಮನೆ ಮೋಟರಿನ ನಡುಕ: ಮೂರು ಲೆಕ್ಕ, ಮೂರು ಉತ್ತರ

ಮಂಡ್ಯದ ಹತ್ತಿರ ನಮ್ಮ ಮಾವನ ಆಲೆಮನೆ ಇದೆ. ಗಾಣದ ಮೋಟರ್ ದಿನವಿಡೀ ಗಡಗಡ ನಡುಗುತ್ತದೆ. ಆ ನಡುಕದಿಂದ ಪೀಜೋ ಬಿಲ್ಲೆ (ಬಾಗಿದಾಗ ಕರೆಂಟ್ ಹುಟ್ಟಿಸುವ ಬಿಲ್ಲೆ) ಎಷ್ಟು ಪವರ್ ಕೊಡುತ್ತೆ ಅಂತ ಮೂರು ರೀತಿಯಲ್ಲಿ ಅಳೆದೆ. ಬಜರ್ ಒಳಗೆ ಸಿಗುವ 27 ಮಿ.ಮೀ. ಹಿತ್ತಾಳೆ ಬಿಲ್ಲೆ, ಒಂದು ಅಂಚು ಮೋಟರ್ ಮೈಗೆ ಅಂಟಿಸಿ, ಇನ್ನೊಂದು ಅಂಚಿಗೆ ಭಾರಕ್ಕೆ ಅಂತ ಒಂದು ರೂಪಾಯಿ ನಾಣ್ಯ. ಮೋಟರ್ ನಿಮಿಷಕ್ಕೆ 1440 ಸುತ್ತು, ಅಂದ್ರೆ 24 ಹರ್ಟ್ಸ್.

ಮೊದಲು ಮಲ್ಟಿಮೀಟರನ್ನೇ ನೇರ ಹಿಡಿದೆ. 3 ವೋಲ್ಟ್ ಎಸಿ. ಬಿಲ್ಲೆಯ ಕೆಪಾಸಿಟನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) 20 ನ್ಯಾನೋಫ್ಯಾರಡ್, ಹಾಗಾಗಿ ಎರಡು ತುದಿ ನೇರ ಸೇರಿಸಿ ಶಾರ್ಟ್ ಮಾಡಿದರೆ ಸುಮಾರು 9 ಮೈಕ್ರೋಆಂಪ್. ಗುಣಿಸಿದರೆ 27 ಮೈಕ್ರೋವಾಟ್! ಸುಮ್ನೆ ಖುಷಿಪಡೋಕೆ ಸರಿ. ಪೂರ್ತಿ ವೋಲ್ಟೇಜ್ ಇದ್ದಾಗ ಕರೆಂಟ್ ಸೊನ್ನೆ, ಪೂರ್ತಿ ಕರೆಂಟ್ ಹರಿದಾಗ ವೋಲ್ಟೇಜ್ ಸೊನ್ನೆ, ಎರಡೂ ಒಟ್ಟಿಗೆ ಸಿಗಲ್ಲ ಅಲ್ವಾ?

ಆಮೇಲೆ ಬಿಲ್ಲೆಗೆ ಲೋಡ್ ಆಗಿ ರೆಸಿಸ್ಟರ್ ಜೋಡಿಸಿದೆ. 100 ಕಿಲೋಓಮ್‌ಗೆ 0.87 ವೋಲ್ಟ್, ಪವರ್ 7.5 ಮೈಕ್ರೋವಾಟ್. 330ಕ್ಕೆ 2.1 ವೋಲ್ಟ್, 13 ಮೈಕ್ರೋವಾಟ್. 1 ಮೆಗಾಓಮ್‌ಗೆ ವೋಲ್ಟೇಜ್ 2.85ಕ್ಕೆ ಏರಿತು, ಪವರ್ ಮಾತ್ರ 8ಕ್ಕೆ ಇಳಿಯಿತು. 24 ಹರ್ಟ್ಸ್‌ನಲ್ಲಿ ಈ ಬಿಲ್ಲೆಯ ಒಳಗಿನ ತಡೆಯೇ ಸುಮಾರು 330 ಕಿಲೋಓಮ್, ಹೊರಗಿನ ಲೋಡ್ ಅದಕ್ಕೆ ಸರಿಹೊಂದಿದಾಗಲೇ ಜಾಸ್ತಿ ಪವರ್. ಮಧ್ಯೆ ಒಮ್ಮೆ ರೀಡಿಂಗ್ ಇದ್ದಕ್ಕಿದ್ದಂತೆ ಬಿದ್ದುಹೋಯಿತು. ವೈರ್ ಕಿತ್ತಿದೆ ಅಂತ ತಡಕಾಡಿದರೆ, ಬಿಲ್ಲೆ ಮೇಲೆ ಒಂದು ಹನಿ ಕಬ್ಬಿನ ಹಾಲು! ಒರೆಸಿ ಟೇಪ್ ಸುತ್ತಿದ ಮೇಲೆ ಸರಿಹೋಯಿತು.

ಮೂರನೆಯದೇ ನನಗೆ ನಂಬಿಕೆ ಬಂದಿದ್ದು. ನಾಲ್ಕು ಡಯೋಡ್ ಸೇರಿಸಿ, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, ಅದಕ್ಕೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಸೊನ್ನೆಯಿಂದ 2 ವೋಲ್ಟ್ ತುಂಬೋಕೆ 60 ಸೆಕೆಂಡು. ಅಷ್ಟರಲ್ಲಿ ಸೇರಿದ್ದು 200 ಮೈಕ್ರೋಜೂಲ್, ಅಂದ್ರೆ ಸೆಕೆಂಡಿಗೆ 3.3 ಮೈಕ್ರೋಜೂಲ್, 3.3 ಮೈಕ್ರೋವಾಟ್ ಅಷ್ಟೇ. ಡಯೋಡ್ ತಿಂದಿದ್ದು, ಕೆಪಾಸಿಟರ್ ಸೋರಿದ್ದು, ಲೋಡ್ ಹೊಂದದೆ ಹೋದದ್ದು ಎಲ್ಲಾ ಕಳೆದು ಕೈಗೆ ಸಿಕ್ಕಿದ್ದು ಇದು. ಸೆನ್ಸರ್ ಓಡಿಸೋರಿಗೆ ಬೇಕಾದ ಅಂಕಿಯೂ ಇದೇ. ರೆಸಿಸ್ಟರ್ ಲೆಕ್ಕ ಬಿಲ್ಲೆಗಳನ್ನು ಒಂದಕ್ಕೊಂದು ಹೋಲಿಸೋಕೆ ಚೆನ್ನಾಗಿದೆ, ಬಿಡಿ.

ಕಬ್ಬು ಕೊಡುತ್ತಿದ್ದ ಹುಡುಗ ಆಗಿಂದ ನೋಡ್ತಾ ಇದ್ದ. "ಅಣ್ಣೋ, ಇದ್ರಲ್ಲಿ ಮೊಬೈಲ್ ಚಾರ್ಜ್ ಆಯ್ತದಾ?"

ಆಗುತ್ತಪ್ಪ. 5000 ಎಂಎಎಚ್ ಬ್ಯಾಟರಿಗೆ ಮೊದಲ ಲೆಕ್ಕದಲ್ಲಿ ಸುಮಾರು 80 ವರ್ಷ, ಮೂರನೆಯದರಲ್ಲಿ 600ಕ್ಕೂ ಜಾಸ್ತಿ.