ಬೋವಾ ಇಲಿ ಕಕ್ಕಿದರೆ ತಕ್ಷಣ ಇನ್ನೊಂದು ಇಲಿ ಕೊಡಬೇಡಿ

ಮನೆಯಲ್ಲಿ ಸಾಕಿದ್ದ, ಹತ್ತು ತಿಂಗಳ ಒಂದು ಬೋವಾ (ಬೇಟೆಯನ್ನು ಸುತ್ತಿ ಬಿಗಿದು ನುಂಗುವ, ವಿಷವಿಲ್ಲದ ಹಾವು) ಮರಿ ಸತ್ತಿದೆ. ಮೈಮೇಲೆ ಗಾಯ ಇರಲಿಲ್ಲ, ಮಲ ಪರೀಕ್ಷೆಯಲ್ಲಿ ಹುಳ ಸಿಗಲಿಲ್ಲ. ಎರಡು ವಾರದೊಳಗೆ ಮೂರು ಸಲ ತಿಂದು, ಮೂರು ಸಲವೂ ಕಕ್ಕಿ ಸತ್ತಿತು. ಸಾಕಿದವರು ನಿರ್ಲಕ್ಷ್ಯದ ಜನ ಅಲ್ಲ, ಹಾವು ಅಂದರೆ ಜೀವ ಬಿಡುವವರು. ಆ ಅಕ್ಕರೆಯೇ ಇಲ್ಲಿ ಮುಳುವಾಯಿತು. ಯಾರು, ಎಲ್ಲಿ ಅನ್ನುವುದು ಮುಖ್ಯವಲ್ಲ. ಏನು ನಡೆಯಿತು, ಯಾವ ಹಂತದಲ್ಲಿ ನಿಲ್ಲಿಸಬಹುದಿತ್ತು ಅನ್ನುವುದಷ್ಟೇ ಮುಖ್ಯ.

ಮರಿಯ ತೂಕ 300 ಗ್ರಾಂ. ಅದುವರೆಗೆ ಎರಡು ವಾರಕ್ಕೊಮ್ಮೆ 25 ಗ್ರಾಂನ ಒಂದು ಮೌಸ್ (ಸಣ್ಣ ಜಾತಿಯ ಇಲಿ) ತಿಂದು ಚೆನ್ನಾಗಿಯೇ ಬೆಳೆಯುತ್ತಿತ್ತು. ತಿಂದ ಮೇಲೂ ಗಾಜಿಗೆ ಮೂತಿ ಒತ್ತಿ ಓಡಾಡುತ್ತದೆ, ಇನ್ನೂ ಹಸಿವಿರಬೇಕು ಎಂದುಕೊಂಡು ಈ ಸಲ ದೊಡ್ಡ ಜಾತಿಯ ಇಲಿ, 75 ಗ್ರಾಂನ ರ‍್ಯಾಟ್ ತಂದರು. ಹಾವಿನ ತೂಕದ ಕಾಲು ಭಾಗ! ಮರಿ ಕಷ್ಟಪಟ್ಟು ನುಂಗಿತು. ಅದೇ ರಾತ್ರಿ, ಟ್ಯಾಂಕಿನ ಶಾಖ ನಿಯಂತ್ರಿಸುವ ಥರ್ಮೋಸ್ಟಾಟಿನ ಪ್ರೋಬ್ (ಶಾಖ ಅಳೆಯುವ ತಂತಿ) ಜಾರಿ, ಬಿಸಿ ಕೊಡುವ ಹೀಟ್ ಮ್ಯಾಟಿಗೆ ಅಂಟಿಕೊಂಡಿತ್ತು. ಮ್ಯಾಟ್ ಸ್ವಲ್ಪ ಬಿಸಿಯಾದರೂ ಸಾಕು, ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತಿತ್ತು. ಪರದೆಯ ಮೇಲೆ 32 ಡಿಗ್ರಿ, ಹಾವು ಮಲಗಿದ್ದ ನೆಲ 24 ಡಿಗ್ರಿ. ಮೂರನೇ ದಿನ ಮನೆಗೆ ಬಂದವರಿಗೆ ತೋರಿಸಲು ಹೊರಗೆ ತೆಗೆದು ಕೈಮೇಲೆ ಹರಿಸಿದರು. ನಾಲ್ಕನೇ ದಿನ ಬೆಳಗ್ಗೆ ರ‍್ಯಾಟ್ ಹೊರಗೆ ಬಿದ್ದಿತ್ತು. ತಲೆ ಕರಗಿ ಮೆತ್ತಗಾಗಿದೆ, ಸೊಂಟದಿಂದ ಹಿಂದೆ ರೋಮ ಕಿತ್ತುಬರುವುದನ್ನು ಬಿಟ್ಟರೆ ಹೆಚ್ಚುಕಡಿಮೆ ಹಾಗೇ ಇದೆ, ಹೊಟ್ಟೆ ಹಸಿರಾಗಿ ಊದಿದೆ. ಕೋಣೆಯಲ್ಲಿ ನಿಲ್ಲಲಾಗದ ನಾತ.

ಇಲ್ಲಿಯವರೆಗೆ ಆದದ್ದೆಲ್ಲ ಸರಿಹೋಗಬಹುದಾಗಿದ್ದ ತಪ್ಪುಗಳು. ಹಾವು ಒಮ್ಮೆ ಕಕ್ಕಿತೆಂದು ಸಾಯುವುದಿಲ್ಲ. ಕೊಂದದ್ದು ಮರುದಿನ ಕೊಟ್ಟ ಮೌಸ್. "ಪಾಪ, ಹೊಟ್ಟೆ ಖಾಲಿ" ಎಂದು ಕೊಟ್ಟರು, ಹಾವು ಹಾರಿ ಹಿಡಿಯಿತು, ಎರಡು ದಿನದಲ್ಲಿ ಅದನ್ನೂ ಕಕ್ಕಿತು. ಮತ್ತೆರಡು ದಿನ ಬಿಟ್ಟು ರೋಮವೂ ಬರದ ಪುಟ್ಟ ರ‍್ಯಾಟ್ ಮರಿ ಕೊಟ್ಟರು. ಅದು ಲೋಳೆಯ ಜೊತೆ ಮಾರನೇ ದಿನವೇ ಹೊರಗೆ. ಆ ಹೊತ್ತಿಗೆ ತೂಕ 240 ಗ್ರಾಂ ಮುಟ್ಟಿತ್ತು, ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ವೈದ್ಯರ ಬಳಿ ಒಯ್ದಾಗ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ.

ಹಾವು ಹಾರಿ ಹಿಡಿಯಿತು ಅಂದಮಾತ್ರಕ್ಕೆ ಅದರ ಹೊಟ್ಟೆ ಸಿದ್ಧವಾಗಿದೆ ಎಂದಲ್ಲ. ಇಲಿಯ ವಾಸನೆ, ಬಿಸಿ, ಚಲನೆ ಮೂರೂ ಸಿಕ್ಕರೆ ಬೋವಾ ಎರಗುತ್ತದೆ, ಅದು ಅದರ ಸ್ವಭಾವ. ಜೀರ್ಣದ ಲೆಕ್ಕ ಬೇರೆ. ಎರಡು ಊಟಗಳ ನಡುವೆ ಬೋವಾದ ಜೀರ್ಣಾಂಗಗಳು ಬಹುಮಟ್ಟಿಗೆ ಕೆಲಸ ನಿಲ್ಲಿಸಿರುತ್ತವೆ. ಇಲಿ ಒಳಗೆ ಹೋದ ಮೇಲೆ ಅವು ಹೊಸದಾಗಿ ಚುರುಕಾಗಬೇಕು, ಮೂಳೆ ಕರಗಿಸುವಷ್ಟು ಆಮ್ಲ ಸುರಿಯಬೇಕು. ಅದಕ್ಕೆ ತಗಲುವ ಶಕ್ತಿ ಸಣ್ಣದಲ್ಲ. ಕಕ್ಕಿದಾಗ ಆ ಆಮ್ಲ, ಕಿಣ್ವ, ನೀರು, ಕರುಳಿಗೆ ಬೇಕಾದ ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಹೊರಗೆ ಹೋಗುತ್ತವೆ. ದಾರಿಯುದ್ದಕ್ಕೂ ಅನ್ನನಾಳ ಆಮ್ಲಕ್ಕೆ ಸುಟ್ಟಿರುತ್ತದೆ. ಅಂಥ ಹೊಟ್ಟೆಗೆ ಮರುದಿನವೇ ಇನ್ನೊಂದು ಇಲಿ ಹೋದರೆ ಕರಗಿಸಲು ಅಲ್ಲಿ ಏನೂ ಇಲ್ಲ. ಇಲಿ ಒಳಗೇ ಕೊಳೆಯುತ್ತದೆ, ಗ್ಯಾಸ್ ಕಟ್ಟುತ್ತದೆ, ಹಾವು ಮತ್ತೆ ಕಕ್ಕುತ್ತದೆ. ಪ್ರತಿ ಸಲವೂ ಮೊದಲಿಗಿಂತ ಬಡವಾದ ಹೊಟ್ಟೆ.

ಹಾಗಾದರೆ ಕಕ್ಕಿದ ದಿನ ಏನು ಮಾಡಬೇಕು? ಮೊದಲು ಒಂದು ಫೋಟೊ ತೆಗೆಯಿರಿ. ಯಾವ ಭಾಗ ಎಷ್ಟು ಕರಗಿದೆ ಎಂಬುದು ಆಮೇಲೆ ವೈದ್ಯರಿಗೆ ಬೇಕಾಗುತ್ತದೆ. ಗ್ಲೌಸ್ ಹಾಕಿಕೊಂಡು ಕಕ್ಕಿದ್ದನ್ನು ತೆಗೆದು, ಕೆಳಗಿನ ಹಾಸನ್ನು ಪೂರ್ತಿ ಬದಲಿಸಿ, ಟ್ಯಾಂಕ್ ಒರೆಸಿ ಒಣಗಿಸಿ. ಶುದ್ಧ ನೀರು ಇಡಿ, ದಿನವೂ ಬದಲಿಸಿ. ನೆಲದ ಉಷ್ಣತೆಯನ್ನು ಬೇರೆ ಥರ್ಮಾಮೀಟರಿನಿಂದ ಅಳೆಯಿರಿ. ಆಮೇಲೆ ಕನಿಷ್ಠ 14 ದಿನ ಏನೂ ಕೊಡಬೇಡಿ, ಕೈಗೂ ತೆಗೆದುಕೊಳ್ಳಬೇಡಿ. ಆರೋಗ್ಯವಾಗಿರುವ ಮರಿ ಎರಡು ವಾರ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ದೊಡ್ಡ ಬೋವಾಗಳು ತಿಂಗಳುಗಟ್ಟಲೆ ತಿನ್ನದೆ ಇರುತ್ತವೆ.

14 ದಿನದ ನಂತರ ಕೊಡುವ ಮೊದಲ ಊಟ ಮಾಮೂಲಿಯ ಅರ್ಧಕ್ಕಿಂತ ಕಡಿಮೆ ಇರಲಿ. 300 ಗ್ರಾಂ ಹಾವಿಗೆ 8ರಿಂದ 10 ಗ್ರಾಂ ಸಾಕು. ಸತ್ತ ಇಲಿಯ ಬೆನ್ನಿನ ಚರ್ಮಕ್ಕೆ ಬ್ಲೇಡಿನಿಂದ ಎರಡು ಮೂರು ಕಡೆ ಗೀರಿದರೆ ಆಮ್ಲ ಬೇಗ ಒಳಗಿಳಿಯುತ್ತದೆ. ಅದು ಕಕ್ಕದೆ ಹೊಟ್ಟೆಯಲ್ಲಿ ನಿಂತರೆ ಮತ್ತೆ 14 ದಿನ ಬಿಟ್ಟು ಅಷ್ಟೇ ಗಾತ್ರದ್ದು. ಇಂಥ ಮೂರು ನಾಲ್ಕು ಸಣ್ಣ ಊಟ ನಿಂತ ಮೇಲೆ ಮಾಮೂಲಿ ಗಾತ್ರಕ್ಕೆ ಬನ್ನಿ. ಅಂದರೆ ಒಂದು ಸಲ ಕಕ್ಕಿದ ಹಾವು ಸುಧಾರಿಸಲು ಎರಡು ತಿಂಗಳು ಹಿಡಿಯುತ್ತದೆ ಎಂದೇ ಇಟ್ಟುಕೊಳ್ಳಿ. ನಡುವೆ ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾದ) ಪುಡಿ ಹಾಕಿ ದಿನ ಕಡಿಮೆ ಮಾಡಬಹುದು ಎನ್ನುವವರ ಮಾತು ಕೇಳಬೇಡಿ. ಪುಡಿ ಹಾಕುವುದಾದರೆ ಹಾಕಿ, ಕಾಯುವುದನ್ನು ಮಾತ್ರ ಬಿಡಬೇಡಿ.

ಇನ್ನು, ಮೊದಲ ಸಲ ಕಕ್ಕುವಂತೆ ಮಾಡಿದ ಕಾರಣಗಳಿಗೆ ಬರೋಣ. ಗಾತ್ರದಿಂದ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಕಣ್ಣಳತೆಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರದಂಥದ್ದೊಂದನ್ನು ಹಾವಿಗೆಂದೇ ಬೇರೆ ಇಟ್ಟುಕೊಳ್ಳಿ. ಹಾವನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ತೂಗಿ, ಡಬ್ಬಿಯ ತೂಕ ಕಳೆಯಿರಿ. ಒಂದು ವರ್ಷದೊಳಗಿನ ಮರಿಗೆ ಇಲಿಯ ತೂಕ ಹಾವಿನ ತೂಕದ 10 ಶೇಕಡಾ ದಾಟಬಾರದು. ಎರಡು ಮೂರು ವರ್ಷದ ಹಾವಿಗೆ 5ರಿಂದ 7 ಶೇಕಡಾ. 4 ಕೆಜಿಯ ಬೆಳೆದ ಗಂಡಿಗೆ 150ರಿಂದ 200 ಗ್ರಾಂನ ಒಂದು ರ‍್ಯಾಟ್ ಧಾರಾಳ. ಇಲಿಯ ಸುತ್ತಳತೆ ಹಾವಿನ ಅತಿ ದಪ್ಪ ಭಾಗದ್ದಕ್ಕಿಂತ ಹೆಚ್ಚಿರಬಾರದು. ನುಂಗಿದ ಮೇಲೆ ಸಣ್ಣ ಉಬ್ಬು ಕಂಡೂ ಕಾಣದಂತಿದ್ದರೆ ಅಳತೆ ಸರಿ. "ಹಾವಿನ ದಪ್ಪದ ಒಂದೂವರೆ ಪಟ್ಟು" ಎಂಬ ಸೂತ್ರ ಎಲ್ಲೆಡೆ ಓಡಾಡುತ್ತಿದೆ. ಹೆಬ್ಬಾವಿನ ಜಾತಿಗಳನ್ನು ಸಾಕುವವರಿಂದ ಬಂದದ್ದಿರಬೇಕು, ಬೋವಾಕ್ಕೆ ಅದನ್ನು ಅನ್ವಯಿಸಬೇಡಿ. ಬೋವಾದ ಜೀರ್ಣ ನಿಧಾನ. ಅದರಲ್ಲೂ ದಕ್ಷಿಣ ಅಮೆರಿಕದ ಕೆಂಪು ಬಾಲದ ಬೋವಾಗಳ ಹೊಟ್ಟೆ ಇನ್ನೂ ಸೂಕ್ಷ್ಮ, ಮರಿಯಾಗಿದ್ದಾಗ ಸಣ್ಣ ನೆಪ ಸಿಕ್ಕರೂ ಕಕ್ಕುತ್ತವೆ.

ಅಂತರದ ವಿಷಯದಲ್ಲೂ ಕೈ ಹಿಡಿತದಲ್ಲಿರಲಿ. ಮರಿಗಳಿಗೆ 10ರಿಂದ 14 ದಿನಕ್ಕೊಮ್ಮೆ, ವರ್ಷ ದಾಟಿದವಕ್ಕೆ ಎರಡು ಮೂರು ವಾರಕ್ಕೊಮ್ಮೆ, ಬೆಳೆದವಕ್ಕೆ ನಾಲ್ಕರಿಂದ ಆರು ವಾರಕ್ಕೊಮ್ಮೆ. ಬೆಳೆದ ಹಾವು ಹಿಂದಿನ ಊಟದ ಮಲ ಹಾಕಿದ ಮೇಲೆಯೇ ಮುಂದಿನದನ್ನು ಕೊಡುವ ಅಭ್ಯಾಸ ಒಳ್ಳೆಯದು. ಕಣ್ಣು ಹಾಲಿನಂತೆ ಮಬ್ಬಾಗಿ ಪೊರೆಗೆ ಬಂದಿದ್ದರೆ ಆ ಸಲ ಬಿಟ್ಟುಬಿಡಿ. ಗಾಜಿಗೆ ಮೂತಿ ಒತ್ತಿ ಓಡಾಡುವುದು ಹಸಿವಿನ ಲಕ್ಷಣವೇ ಆಗಬೇಕೆಂದಿಲ್ಲ. ಜಾಗ ಸಾಲದಿದ್ದರೂ, ಅಡಗಲು ಮರೆ ಇಲ್ಲದಿದ್ದರೂ, ಬಿಸಿ ಹೆಚ್ಚಿದರೂ ಹಾಗೇ ಮಾಡುತ್ತದೆ. ಬೇಗ ದೊಡ್ಡದು ಮಾಡಲೆಂದು ವಾರಕ್ಕೊಂದು ರ‍್ಯಾಟ್ ತುರುಕುವವರಿದ್ದಾರೆ. ಹಾವು ಕಕ್ಕದೆ ಅರಗಿಸಿಕೊಂಡಿತೆಂದೇ ಇಟ್ಟುಕೊಳ್ಳೋಣ, ಕೊಬ್ಬು ಯಕೃತ್ತಿನ ಮೇಲೆ ಕೂರುತ್ತದೆ. ತಲೆ ಚಿಕ್ಕದು, ಮೈ ಉರುಳೆ, ಸುತ್ತಿ ಮಲಗಿದಾಗ ಚರ್ಮ ಮಡಿಕೆ ಮಡಿಕೆಯಾಗಿ ಚಿಪ್ಪುಗಳ ನಡುವೆ ಬಿರುಕು ಕಂಡರೆ ಅದು ಬೊಜ್ಜು. ಚೆನ್ನಾಗಿ ಸಾಕಿದ ಬೋವಾ 20ರಿಂದ 30 ವರ್ಷ ಬಾಳುತ್ತದೆ. ಫಿಲಡೆಲ್ಫಿಯಾ ಮೃಗಾಲಯದಲ್ಲಿದ್ದ ಪೊಪಾಯ್ ಎಂಬ ಬೋವಾ 1977ರಲ್ಲಿ ಸಾಯುವಾಗ ಅದಕ್ಕೆ 40 ದಾಟಿತ್ತು. ಇಷ್ಟು ಆಯುಸ್ಸಿನ ಪ್ರಾಣಿಯನ್ನು ಎರಡೇ ವರ್ಷದಲ್ಲಿ ದೈತ್ಯ ಮಾಡುವ ಅವಸರ ಯಾಕೋ ಗೊತ್ತಿಲ್ಲ.

ಬಿಸಿ ಇಲ್ಲದೆ ಜೀರ್ಣ ಇಲ್ಲ. ಹಾವಿನ ಮೈ ತಾನಾಗಿ ಬಿಸಿಯಾಗುವುದಿಲ್ಲವಾದ್ದರಿಂದ ಹೊಟ್ಟೆಯ ಕೆಲಸ ಹೊರಗಿನ ಶಾಖದ ವೇಗದಲ್ಲೇ ನಡೆಯುತ್ತದೆ. ತಣ್ಣಗಾದರೆ ಇಲಿಯ ಕರುಳಿನ ಬ್ಯಾಕ್ಟೀರಿಯಾ ಹಾವಿನ ಆಮ್ಲಕ್ಕಿಂತ ಮುಂದೆ ಓಡುತ್ತದೆ. ಮೇಲೆ ಹೇಳಿದ ರ‍್ಯಾಟಿನ ಹಸಿರು ಹೊಟ್ಟೆ ಅದರದೇ ಫಲ. ಬಿಸಿ ಬದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 25ರಿಂದ 27, ರಾತ್ರಿಯೂ 24ಕ್ಕಿಂತ ಕೆಳಗೆ ಬೇಡ. ಎರಡೂ ಬದಿಗೆ ಹಾವು ಹೊಕ್ಕು ಕೂರುವಂಥ ಮರೆ ಇರಲಿ. ಇಲ್ಲದಿದ್ದರೆ ಅದು ಶಾಖ ಬಿಟ್ಟು ಮರೆಯನ್ನೇ ಆರಿಸಿಕೊಳ್ಳುತ್ತದೆ. ಥರ್ಮೋಸ್ಟಾಟಿನ ಪರದೆ ತೋರಿಸುವುದು ಪ್ರೋಬ್ ಇರುವ ಜಾಗದ ಬಿಸಿ, ಹಾವು ಇರುವ ಜಾಗದ್ದಲ್ಲ. ಪ್ರೋಬನ್ನು ಟೇಪಿನಿಂದ ಅಂಟಿಸಬೇಡಿ. ಟೇಪು ಬಿಟ್ಟುಕೊಂಡರೆ ಹಾವಿನ ಚಿಪ್ಪಿಗೆ ಅಂಟುತ್ತದೆ. ಕ್ಲಿಪ್ ಹಾಕಿ ಬಿಗಿಸಿ, ಊಟ ಕೊಡುವ ದಿನ ಇನ್‌ಫ್ರಾರೆಡ್ ಗನ್ನಿನಿಂದ ನೆಲದ ಶಾಖ ಅಳೆಯಿರಿ. ಅಂದು ಶಾಖ ಸರಿ ಇಲ್ಲವೆಂದರೆ ಊಟ ಮುಂದಕ್ಕೆ ಹಾಕಿ. ಅತಿ ಬಿಸಿಯೂ ಕಕ್ಕಿಸುತ್ತದೆ ಅನ್ನುವುದು ನೆನಪಿರಲಿ.

ಹಾವಿಗೆಂದು ಫ್ರೀಜರಿನಲ್ಲಿಟ್ಟ ಸತ್ತ ಇಲಿಯನ್ನು ಕರಗಿಸುವಾಗಿನ ಅವಸರ ಇನ್ನೊಂದು ಕಾರಣ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ. ಕರಗಿದ ಮೇಲೆ ಜಿಪ್ ಕವರಿನಲ್ಲಿ ಹಾಕಿ 40ರಿಂದ 45 ಡಿಗ್ರಿಯ ನೀರಿನಲ್ಲಿ ಹದಿನೈದಿಪ್ಪತ್ತು ನಿಮಿಷ ಮುಳುಗಿಸಿ. ಹೊರಗೆ 38 ಡಿಗ್ರಿಯಷ್ಟು ಬೆಚ್ಚಗಾದರೆ ಸಾಕು. ಆಮೇಲೆ ಹೆಬ್ಬೆರಳಿನಿಂದ ಹೊಟ್ಟೆಯನ್ನು, ಎದೆಗೂಡನ್ನು ಒತ್ತಿ ನೋಡಿ. ನಡುವೆ ಗಟ್ಟಿ ಗಂಟು ಸಿಕ್ಕರೆ ಒಳಗೆ ಮಂಜುಗಡ್ಡೆ ಇದೆ, ವಾಪಸ್ ನೀರಿಗೆ. ಕುದಿಯುವ ನೀರು, ಮೈಕ್ರೋವೇವ್ ಎರಡೂ ಬೇಡ. ಒಂದು ಕಡೆ ಬೇಯುತ್ತದೆ, ಇನ್ನೊಂದು ಕಡೆ ತಣ್ಣಗೇ ಇರುತ್ತದೆ, ಹೊಟ್ಟೆ ಒಡೆಯುವುದೂ ಉಂಟು. ದಿನವಿಡೀ ಹೊರಗೆ ಬಿಟ್ಟು ಕರಗಿಸಿದ ಇಲಿ ಹಾವಿನ ಬಾಯಿಗೆ ಹೋಗುವ ಮೊದಲೇ ಕೊಳೆಯಲು ಶುರುವಾಗಿರುತ್ತದೆ. ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ, ಆರು ತಿಂಗಳು ದಾಟಿದ ಇಲಿ ಇಟ್ಟುಕೊಳ್ಳಬೇಡಿ. ಫ್ರೀಜರಿನ ಚಳಿಗೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. ಪಾತ್ರೆ, ಇಕ್ಕಳ ಎಲ್ಲ ಬೇರೆ ಇರಲಿ, ಕೈ ಸೋಪು ಹಾಕಿ ತೊಳೆಯಿರಿ, ಸಣ್ಣ ಮಕ್ಕಳನ್ನು ಈ ಕೆಲಸದಿಂದ ದೂರ ಇಡಿ.

ಕೊಡುವಾಗ 30 ಸೆಂಟಿಮೀಟರಿಗಿಂತ ಉದ್ದದ ಇಕ್ಕಳದಿಂದ ಇಲಿಯ ಸೊಂಟ ಹಿಡಿದು, ತಲೆ ಹಾವಿನ ಕಡೆ ಮಾಡಿ. ಒದ್ದೆ ಮೈಯನ್ನು ಮೊದಲೇ ಒರೆಸಿ, ಇಲ್ಲದಿದ್ದರೆ ಹಾಸಿನ ಚೂರೆಲ್ಲ ಅಂಟಿಕೊಂಡು ಒಳಗೆ ಹೋಗುತ್ತವೆ. ಹಾವು ಎರಗಿದ ಕ್ಷಣ ಬಿಟ್ಟುಬಿಡಿ. ಸುತ್ತಿ ಹಿಡಿದ ಮೇಲೆ ಇಕ್ಕಳದಿಂದ ಇಲಿಯನ್ನು ಎರಡು ಸಲ ಮೆಲ್ಲಗೆ ಅಲ್ಲಾಡಿಸಿದರೆ ಬಿಡದೆ ಹಿಡಿದುಕೊಳ್ಳುತ್ತದೆ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸತ್ತ ಇಲಿಗಳೊಳಗೆ ಕೃತಕ ಹೃದಯ ಇಟ್ಟು ಬೋವಾಗಳಿಗೆ ಕೊಟ್ಟಿದ್ದರು. ಮಿಡಿತ ಇದ್ದಾಗ ಹಾವು ಹೆಚ್ಚು ಹೊತ್ತು, ಹೆಚ್ಚು ಜೋರಾಗಿ ಬಿಗಿಯುತ್ತಿತ್ತು. ಜೀವಂತ ಇಲಿ ಮಾತ್ರ ಬೇಡವೇ ಬೇಡ. ರ‍್ಯಾಟಿನ ಹಲ್ಲು ಹಾವಿನ ಬೆನ್ನುಮೂಳೆ ಕಾಣುವವರೆಗೆ ಕೊರೆದ ಉದಾಹರಣೆಗಳಿವೆ. ಊಟಕ್ಕೆಂದು ಹಾವನ್ನು ಬೇರೆ ಡಬ್ಬಕ್ಕೆ ವರ್ಗಾಯಿಸುವ ಹಳೆಯ ಪದ್ಧತಿಯನ್ನೂ ಬಿಡಿ, ತುಂಬಿದ ಹೊಟ್ಟೆಯ ಹಾವನ್ನು ವಾಪಸ್ ಎತ್ತುವುದೇ ಕಕ್ಕಿಸುವ ದಾರಿ. ತಿಂದ ಮೇಲೆ ಕನಿಷ್ಠ 48 ಗಂಟೆ, ಉಬ್ಬು ಪೂರ್ತಿ ಇಳಿಯುವವರೆಗೆ ಮುಟ್ಟಬೇಡಿ, ಯಾರೇ ನೋಡಲು ಬಂದಿರಲಿ.

ಎಲ್ಲ ಸರಿ ಮಾಡಿ, ಕಾದು, ಸಣ್ಣ ಇಲಿ ಕೊಟ್ಟ ಮೇಲೂ ಕಕ್ಕಿದರೆ ತಪ್ಪು ನಿಮ್ಮ ಊಟದ್ದಲ್ಲದಿರಬಹುದು. ಆಗ ಮನೆಯಲ್ಲಿ ಪ್ರಯೋಗ ನಿಲ್ಲಿಸಿ, ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿ ಹೋಗಿ. ಕರುಳಿನ ಪರೋಪಜೀವಿಗಳು, ಕ್ರಿಪ್ಟೊಸ್ಪೊರಿಡಿಯಂ ಎಂಬ ಕಣ್ಣಿಗೆ ಕಾಣದ ಪರೋಪಜೀವಿ, ಬೋವಾಗಳನ್ನು ಕಾಡುವ ಇನ್‌ಕ್ಲೂಷನ್ ಬಾಡಿ ಡಿಸೀಸ್ ಎಂಬ ವೈರಸ್ ಕಾಯಿಲೆ, ಇವೆಲ್ಲ ಮೊದಲು ಕಕ್ಕುವುದರಲ್ಲೇ ತೋರಬಹುದು. ಕಕ್ಕುವುದರ ಜೊತೆ ತಲೆ ನಡುಗುವುದು, ಕತ್ತು ಮೇಲಕ್ಕೆ ತಿರುಚಿ ನಿಲ್ಲುವುದು, ಮಗುಚಿದರೆ ನೇರವಾಗಲು ಒದ್ದಾಡುವುದು ಕಂಡರೆ ಆ ವೈರಸ್ಸಿನ ಅನುಮಾನ ಬಲವಾಗುತ್ತದೆ. ಅದಕ್ಕೆ ಮದ್ದಿಲ್ಲ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಮನೆಯಲ್ಲಿ ಬೇರೆ ಹಾವುಗಳಿದ್ದರೆ ಅಂದೇ ಇದನ್ನು ಬೇರೆ ಕೋಣೆಗೆ ಹಾಕಿ, ಇದರ ಕೆಲಸ ಕೊನೆಯಲ್ಲಿ ಮಾಡಿ, ಇಕ್ಕಳ ಮತ್ತು ನೀರಿನ ಬಟ್ಟಲು ಹಂಚಬೇಡಿ. ವೈದ್ಯರ ಬಳಿ ಹೋಗುವಾಗ ತಾಜಾ ಮಲದ ಮಾದರಿ, ಕಕ್ಕಿದ ಇಲಿಯ ಫೋಟೊ, ಕೊನೆಯ ಐದಾರು ಊಟಗಳ ತಾರೀಖು, ಇಲಿಯ ಮತ್ತು ಹಾವಿನ ತೂಕ, ಬಿಸಿ ಬದಿ ತಂಪು ಬದಿಯ ಅಳತೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.